ಕಲ್ಲಚ್ಚು, ನಗರ ಮತ್ತು ವ್ಯಂಗ್ಯ: ಡೋಮಿಯೆಯ ಮುದ್ರಣಚಿತ್ರಗಳ ಒಂದು ಅಧ್ಯಯನ

ಮುದ್ರಣ ಮತ್ತು ಆಧುನಿಕತೆಯ ಸಂಬಂಧವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಅಕ್ಷರವನ್ನೇ ಕೇಂದ್ರವಾಗಿರಿಸಿಕೊಂಡಿವೆ. ಅಚ್ಚಿನ ಮೊಳೆ, ಪುಸ್ತಕ, ವೃತ್ತಪತ್ರಿಕೆ, ಹೊಸ ಗದ್ಯದ ರೂಪುಗೊಳ್ಳುವಿಕೆ, ಓದುಗವರ್ಗದ ಉದಯ ಇವು ಆ ಚರ್ಚೆಗಳ ಪರಿಚಿತ ನೆಲೆಗಳು. ಆದರೆ ಹತ್ತೊಂಬತ್ತನೆಯ ಶತಮಾನದ ಪತ್ರಿಕೆ ಕೇವಲ ಅಕ್ಷರದ ಪತ್ರಿಕೆಯಾಗಿರಲಿಲ್ಲ. ಅದರ ಪುಟದಲ್ಲಿ ಚಿತ್ರವೂ ಇತ್ತು. ಆ ಚಿತ್ರ ಅಕ್ಷರದ ಮಾತನ್ನು ಅನುಸರಿಸಿದಂತೆಯೇ ಮೀರಿಯೂ ಇತ್ತು. ಈ ಸಂಗತಿ ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ಫ್ರಾನ್ಸಿನ ಚಿತ್ರಕಾರ ಒನೊರೆ ಡೋಮಿಯೆಯ (1808-1879) ಮುದ್ರಣಚಿತ್ರಗಳಲ್ಲಿ. ಸುಮಾರು ನಾಲ್ಕು ಸಾವಿರ ಕಲ್ಲಚ್ಚಿನ ಚಿತ್ರಗಳನ್ನು ರಚಿಸಿದ ಡೋಮಿಯೆ ತನ್ನ ಬದುಕಿನ ಬಹುಭಾಗವನ್ನು ಪ್ಯಾರಿಸ್ ನಗರದ ವಿಡಂಬನೆಗೆ ಮೀಸಲಿಟ್ಟವನು. ಆ ನಗರದ ಪತ್ರಿಕೆಗಳೂ ಅವನ ವಿಡಂಬನೆಯ ವಸ್ತುವಾಗಿದ್ದವು. ಅವನ ಅನ್ನವೂ ಪತ್ರಿಕೆಯಿಂದಲೇ ಬರುತ್ತಿತ್ತು. ಈ ಇಬ್ಬಂದಿಯ ನೆಲೆಯಿಂದ ಅವನ ಚಿತ್ರಗಳನ್ನು ಓದಿ, ರಾಜಕೀಯ ವಿಡಂಬನೆಯು ಸಾಮಾಜಿಕ ವಿಡಂಬನೆಯಾಗಿ ಮಾರ್ಪಟ್ಟಾಗ ಅದು ದುರ್ಬಲವಾಯಿತೇ ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಲ್ಲು, ಬಳಪ ಮತ್ತು ದಿನಪತ್ರಿಕೆ

ಕಲ್ಲಚ್ಚಿನ ವಿಧಾನವನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದನು. ಇದರ ತತ್ವ ಸರಳವಾದುದು. ಎಣ್ಣೆ ಮತ್ತು ನೀರು ಒಂದನ್ನೊಂದು ಸೇರುವುದಿಲ್ಲ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ಹದಗೊಳಿಸಿ, ನೀರಿನಿಂದ ತೇವಗೊಳಿಸಿ, ಅದರ ಮೇಲೆ ಮಸಿಯ ಉರುಳೆಯನ್ನು ಹಾಯಿಸಿದರೆ, ಬಳಪದ ಗೆರೆಯಿರುವಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಉಳಿದ ಭಾಗ ಅದನ್ನು ನಿರಾಕರಿಸುತ್ತದೆ. ಆ ಕಲ್ಲಿನ ಮೇಲೆ ಕಾಗದವನ್ನೊತ್ತಿದರೆ ಚಿತ್ರ ಮೂಡುತ್ತದೆ.

ಈ ತಾಂತ್ರಿಕ ಸಂಗತಿಗೆ ಸಾಂಸ್ಕೃತಿಕ ಪರಿಣಾಮಗಳಿದ್ದವು. ತಾಮ್ರದ ತಗಡಿನಲ್ಲಿಯೋ ಮರದ ಹಲಗೆಯಲ್ಲಿಯೋ ಚಿತ್ರ ಕೊರೆಯುವುದು ನಿಧಾನದ ಕೆಲಸ. ಅನೇಕ ವೇಳೆ ಚಿತ್ರ ಬರೆದವನೊಬ್ಬ, ಕೊರೆದವನೊಬ್ಬ. ಕಲ್ಲಚ್ಚಿನಲ್ಲಿ ಕೊರೆಯುವ ಹಂತವೇ ಇಲ್ಲ. ಕಲಾವಿದನ ಕೈಗೆರೆಯೇ ನೇರವಾಗಿ ಕಾಗದಕ್ಕೆ ಬರುತ್ತದೆ. ಅವನ ಆತುರ, ಸಿಟ್ಟು, ಉತ್ಸಾಹಗಳೂ ಆ ಗೆರೆಯಲ್ಲಿ ಉಳಿಯುತ್ತವೆ. ಇಂದಿನ ಘಟನೆಗೆ ನಾಳೆ ಚಿತ್ರದ ಮೂಲಕ ಉತ್ತರ ಕೊಡುವುದು ಇದರಿಂದ ಸಾಧ್ಯವಾಯಿತು. ಪತ್ರಿಕೆಯ ಕಾಲಮಾನಕ್ಕೆ ಚಿತ್ರವೂ ಹೊಂದಿಕೊಂಡಿತು.

ಈ ಸಾಧ್ಯತೆಯನ್ನು ಗುರುತಿಸಿದವನು ಶಾರ್ಲ್ ಫಿಲಿಪೋಂ. 1830ರ ಜುಲೈ ಕ್ರಾಂತಿಯ ನಂತರ ಲೂಯಿ ಫಿಲಿಪ್ ಸಿಂಹಾಸನವೇರಿದಾಗ, ಹೊಸ ಸನ್ನದು ಸೆನ್ಸಾರ್ ವ್ಯವಸ್ಥೆಯನ್ನು ಮತ್ತೆಂದೂ ಜಾರಿಗೆ ತರುವುದಿಲ್ಲವೆಂದು ಭರವಸೆ ನೀಡಿತ್ತು. ಅದೇ ವರ್ಷದ ನವೆಂಬರಿನಲ್ಲಿ ಫಿಲಿಪೋಂ 'ಲಾ ಕ್ಯಾರಿಕತ್ಯೂರ್' ಎಂಬ ವಾರಪತ್ರಿಕೆಯನ್ನೂ, 1832ರ ಡಿಸೆಂಬರ್ 1ರಂದು 'ಲ ಶಾರಿವಾರಿ' ಎಂಬ ದಿನಪತ್ರಿಕೆಯನ್ನೂ ಆರಂಭಿಸಿದನು. ದಿನಕ್ಕೊಂದು ಹೊಸ ಚಿತ್ರವೆಂಬುದು ಎರಡನೆಯ ಪತ್ರಿಕೆಯ ವಿಶೇಷ. ಅದರ ಹೆಸರೂ ಗಮನಾರ್ಹವಾದುದು. ಊರಿನವರಿಗೆ ಒಪ್ಪಿಗೆಯಾಗದ ಮದುವೆ ನಡೆದಾಗ ಆ ಮನೆಯ ಮುಂದೆ ತಪ್ಪಲೆ, ಬಾಣಲೆಗಳನ್ನು ಬಡಿದು ಗದ್ದಲವೆಬ್ಬಿಸುವ ಜನಪದ ರೂಢಿಗೆ ಫ್ರಾನ್ಸಿನಲ್ಲಿ ಶಾರಿವಾರಿ ಎಂದು ಹೆಸರು. ಹಳ್ಳಿಯ ನೈತಿಕ ನಿಂದೆಯ ಗದ್ದಲವು ನಗರದ ಪತ್ರಿಕೆಯ ಹೆಸರಾಗಿ ಬಂದಿತು. ಆದರೆ ಹಳ್ಳಿಯಲ್ಲಿ ನಿಂದೆಗೊಳಗಾದವನನ್ನು ಎಲ್ಲರೂ ಬಲ್ಲರು. ನಗರದಲ್ಲಿ ಯಾರನ್ನೂ ಯಾರೂ ಬಲ್ಲವರಲ್ಲ. ಆದ್ದರಿಂದ ನಗರದ ವಿಡಂಬನೆಯು ವ್ಯಕ್ತಿಯನ್ನು ಬಿಟ್ಟು 'ಮಾದರಿ'ಯನ್ನು ಸೃಷ್ಟಿಸಬೇಕಾಯಿತು. ಡೋಮಿಯೆಯ ಮುಂದಿನ ಬೆಳವಣಿಗೆಯ ಬೀಜ ಈ ಅಗತ್ಯದಲ್ಲಿಯೇ ಇದೆ.

ಈ ಚಿತ್ರಗಳ ಪ್ರೇಕ್ಷಕರು ಚಂದಾದಾರರು ಮಾತ್ರವೇ ಆಗಿರಲಿಲ್ಲ. ಫಿಲಿಪೋಂನ ಭಾವ ಗೇಬ್ರಿಯಲ್ ಓಬೇರ್ ನಡೆಸುತ್ತಿದ್ದ ಅಂಗಡಿಯ ಗಾಜಿನ ಕಿಟಕಿಗಳಲ್ಲಿ ಹೊಸ ಚಿತ್ರಗಳನ್ನು ತೂಗುಹಾಕಲಾಗುತ್ತಿತ್ತು. ಚಂದಾ ಕೊಡಲಾರದವರು ಬೀದಿಯಲ್ಲಿಯೇ ನಿಂತು ನೋಡುತ್ತಿದ್ದರು. ಆ ಕಿಟಕಿಯ ಮುಂದೆ ನೆರೆದ ಜನರನ್ನೇ ವಸ್ತುವಾಗುಳ್ಳ ಟ್ರಾವಿಯೆಸ್ ಎಂಬ ಕಲಾವಿದನ 1831ರ ಚಿತ್ರವೊಂದಿದೆ. ಓದಲು ಬಾರದವನೂ ಪತ್ರಿಕೆಯ ಅಭಿಪ್ರಾಯದಲ್ಲಿ ಪಾಲುದಾರನಾಗುವ ಈ ಸನ್ನಿವೇಶವೇ ಅಧಿಕಾರಕ್ಕೆ ಆತಂಕವನ್ನುಂಟುಮಾಡಿತು.

2. ಪೇರ್ ಹಣ್ಣಿನ ವ್ಯಂಗ್ಯಾರ್ಥ

ಕನ್ನಡದಲ್ಲಿ ಇಂಥ ಚಿತ್ರಗಳಿಗೆ ವ್ಯಂಗ್ಯಚಿತ್ರವೆಂಬ ಹೆಸರು ಬಳಕೆಯಲ್ಲಿದೆ. ಆಡುಮಾತಿನಲ್ಲಿ ವ್ಯಂಗ್ಯವೆಂದರೆ ಚುಚ್ಚುಮಾತು. ಕಾವ್ಯಮೀಮಾಂಸೆಯಲ್ಲಿ ವ್ಯಂಗ್ಯವೆಂದರೆ ವ್ಯಂಜನಾವೃತ್ತಿಯಿಂದ ಹೊಳೆಯುವ ಅರ್ಥ. ಆನಂದವರ್ಧನನು ವ್ಯಂಗ್ಯಾರ್ಥವು ವಿವಕ್ಷಿತವಾಗಿಲ್ಲದ ಕೆಳದರ್ಜೆಯ ಕಾವ್ಯವನ್ನು 'ಚಿತ್ರ'ವೆಂದು ಕರೆದಿದ್ದಾನೆ. ಶಾಸ್ತ್ರದ ಪರಿಭಾಷೆಯಲ್ಲಿ ನೋಡಿದರೆ ವ್ಯಂಗ್ಯಚಿತ್ರವೆಂಬುದು ಎರಡು ವಿರುದ್ಧ ಪದಗಳ ಸಮಾಸ. ಚಿತ್ರವು ಕೇವಲ ಅನುಕರಣೆಯಲ್ಲ, ಅದಕ್ಕೂ ಧ್ವನಿಶಕ್ತಿಯಿದೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಮುದ್ರಣಚಿತ್ರಗಳು ತೋರಿಸಿಕೊಟ್ಟವು. ವಿಚಿತ್ರವೆಂದರೆ, ಇದನ್ನು ವಿಮರ್ಶಕರಿಗಿಂತ ಮೊದಲು ಚರ್ಚೆಗೆ ತೆಗೆದುಕೊಂಡದ್ದು ನ್ಯಾಯಾಲಯ.

ರಾಜನನ್ನು ಗಾರೆ ಕೆಲಸದವನ ವೇಷದಲ್ಲಿ ತೋರಿಸಿದ ಚಿತ್ರವೊಂದಕ್ಕಾಗಿ 1831ರ ನವೆಂಬರಿನಲ್ಲಿ ಫಿಲಿಪೋಂ ವಿಚಾರಣೆಗೆ ಒಳಗಾದನು. ಹೋಲಿಕೆಯೇ ಅಪರಾಧವಾಗುವುದಾದರೆ ಅದಕ್ಕೆ ಕೊನೆಯೆಲ್ಲಿ ಎಂಬುದು ಅವನ ವಾದ. ಅದನ್ನು ಸಾಬೀತುಪಡಿಸಲು ಅವನು ನ್ಯಾಯಾಲಯದಲ್ಲಿಯೇ ನಾಲ್ಕು ಚಿತ್ರಗಳನ್ನು ಬರೆದು ತೋರಿಸಿದನು. ಮೊದಲನೆಯದು ಲೂಯಿ ಫಿಲಿಪ್‌ನ ಮುಖ, ಎರಡನೆಯದು ಮೊದಲನೆಯದನ್ನು ಹೋಲುತ್ತದೆ, ಮೂರನೆಯದು ಎರಡನೆಯದನ್ನು, ನಾಲ್ಕನೆಯದು ಬರಿಯ ಪೇರ್ ಹಣ್ಣು. ಮೊದಲನೆಯದನ್ನು ದಂಡಿಸುವವರು ಕೊನೆಯದನ್ನೂ ದಂಡಿಸಬೇಕಾಗುತ್ತದೆ. ವಾದ ಸೋತಿತು, ಅವನಿಗೆ ಶಿಕ್ಷೆಯಾಯಿತು. ಆದರೆ ಪೇರ್ ಹಣ್ಣು ಗೆದ್ದಿತು. ಫ್ರೆಂಚ್ ಆಡುಮಾತಿನಲ್ಲಿ ಪೆದ್ದನೆಂಬ ಅರ್ಥವೂ ಆ ಪದಕ್ಕಿದ್ದುದರಿಂದ ಅದು ದೇಶದಾದ್ಯಂತ ರಾಜನ ಸಂಕೇತವಾಯಿತು. ಗೋಡೆಯ ಮೇಲೆ ಇದ್ದಿಲಿನಿಂದ ಹಣ್ಣೊಂದನ್ನು ಬರೆದರೂ ಅದು ರಾಜಕೀಯ ಹೇಳಿಕೆಯಾಗುತ್ತಿತ್ತು. ಇಲ್ಲಿ ವಾಚ್ಯಾರ್ಥ ನಿರ್ದೋಷಿ. ವ್ಯಂಗ್ಯಾರ್ಥ ನೋಡುಗನ ಮನಸ್ಸಿನಲ್ಲಿದೆ. ಕಾನೂನು ವಾಚ್ಯವನ್ನು ಹಿಡಿಯಬಲ್ಲುದೇ ಹೊರತು ವ್ಯಂಗ್ಯವನ್ನಲ್ಲ.

1834ರ ಫೆಬ್ರವರಿಯಲ್ಲಿ 'ಲ ಶಾರಿವಾರಿ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತನ್ನ ವಿರುದ್ಧ ಬಂದ ತೀರ್ಪನ್ನು ಪ್ರಕಟಿಸಬೇಕೆಂಬ ಆದೇಶವನ್ನು ಅದು ವಿಧೇಯತೆಯಿಂದಲೇ ಪಾಲಿಸಿತು. ಆದರೆ ಮೊಳೆಗಳನ್ನು ಜೋಡಿಸುವಾಗ ತೀರ್ಪಿನ ಸಾಲುಗಳು ಪೇರ್ ಹಣ್ಣಿನ ಆಕಾರ ತಾಳುವಂತೆ ಮಾಡಿತು. ಅಕ್ಷರವೇ ಚಿತ್ರವಾಗಿ, ಪ್ರಭುತ್ವದ ಮಾತೇ ಪ್ರಭುತ್ವದ ವಿಡಂಬನೆಯಾದ ಪ್ರಸಂಗವಿದು.

ಡೋಮಿಯೆ ಈ ಪತ್ರಿಕಾಬಳಗಕ್ಕೆ ಬಂದುದು ಇಪ್ಪತ್ತರ ಹರೆಯದಲ್ಲಿ. ಮಾರ್ಸೇಯ್ ನಗರದ ಗಾಜು ಕೂರಿಸುವ ಕೆಲಸಗಾರನ ಮಗನಾದ ಅವನು ಬಾಲ್ಯದಲ್ಲಿಯೇ ಪ್ಯಾರಿಸಿಗೆ ಬಂದು, ನ್ಯಾಯಾಲಯದ ಅಮೀನನೊಬ್ಬನ ಬಳಿ ಓಲೆ ಒಯ್ಯುವ ಹುಡುಗನಾಗಿಯೂ ಪುಸ್ತಕದಂಗಡಿಯ ಸಹಾಯಕನಾಗಿಯೂ ದುಡಿದಿದ್ದನು. 1831ರ ಡಿಸೆಂಬರಿನ ಅವನ 'ಗಾರ್ಗಾಂಚುವಾ' ಎಂಬ ಚಿತ್ರದಲ್ಲಿ ದೈತ್ಯಾಕಾರದ ರಾಜ ಬಾಯ್ದೆರೆದು ಕುಳಿತಿದ್ದಾನೆ. ಬಡವರಿಂದ ಸುಲಿದ ನಾಣ್ಯಗಳ ಬುಟ್ಟಿಗಳನ್ನು ಹೊತ್ತವರು ಹಲಗೆಯನ್ನೇರಿ ಅವನ ಬಾಯಿಗೆ ಸುರಿಯುತ್ತಿದ್ದಾರೆ. ಪೀಠದ ಕೆಳಗಿನಿಂದ ಪದವಿ, ಸನದುಗಳು ಉದುರುತ್ತಿವೆ. ತೆರಿಗೆಯ ಅರ್ಥಶಾಸ್ತ್ರವನ್ನು ಜೀರ್ಣಕ್ರಿಯೆಯ ರೂಪಕವಾಗಿಸಿದ ಈ ಚಿತ್ರಕ್ಕೆ ಆರು ತಿಂಗಳ ಸೆರೆವಾಸ ಮತ್ತು 500 ಫ್ರಾಂಕ್ ದಂಡದ ಶಿಕ್ಷೆಯಾಯಿತು.

1834ರ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಬೇಕು. ಪತ್ರಿಕೆಗಳ ಮೇಲಿನ ದಂಡ ತೆರಲು ಹಣ ಕೂಡಿಸುವ ಸಲುವಾಗಿಯೇ ಫಿಲಿಪೋಂ ಹೊರತರುತ್ತಿದ್ದ ಮಾಸಿಕ ಮಾಲೆಯಲ್ಲಿ ಇವೆರಡೂ ಪ್ರಕಟವಾದವು. ಮೊದಲನೆಯದರಲ್ಲಿ ಅಚ್ಚುಕೂಟದ ಕೆಲಸಗಾರನೊಬ್ಬ ಮುಷ್ಟಿ ಬಿಗಿದು, ಪತ್ರಿಕಾ ಸ್ವಾತಂತ್ರ್ಯವೆಂದು ಬರೆದ ನೆಲದ ಮೇಲೆ ಕಾಲೂರಿ ನಿಂತಿದ್ದಾನೆ. ಹಿನ್ನೆಲೆಯ ಒಂದು ಬದಿಯಲ್ಲಿ ಪದಚ್ಯುತ ದೊರೆ ಹತ್ತನೆಯ ಚಾರ್ಲ್ಸ್ ಬಿದ್ದಿದ್ದಾನೆ. ಇನ್ನೊಂದು ಬದಿಯಲ್ಲಿ ಕೊಡೆ ಹಿಡಿದ ಲೂಯಿ ಫಿಲಿಪ್. ಪತ್ರಿಕಾ ಸ್ವಾತಂತ್ರ್ಯದ ನಾಯಕ ಇಲ್ಲಿ ಸಂಪಾದಕನಲ್ಲ, ಲೇಖಕನಲ್ಲ. ಮೊಳೆ ಜೋಡಿಸುವ ಕಾರ್ಮಿಕ. ಎರಡನೆಯದು 'ರೂ ತ್ರಾನ್ಸ್‌ನೊನೇಂ, 15 ಏಪ್ರಿಲ್ 1834'. ಕಾರ್ಮಿಕರ ಬಂಡಾಯವನ್ನು ಹತ್ತಿಕ್ಕಲು ಬಂದ ಸೈನಿಕರು ಆ ಬೀದಿಯ ಮನೆಯೊಂದಕ್ಕೆ ನುಗ್ಗಿ ನಿವಾಸಿಗಳನ್ನು ಕೊಂದಿದ್ದರು. ಚಿತ್ರದಲ್ಲಿ ಸೈನಿಕರಿಲ್ಲ, ಬಂದೂಕಿಲ್ಲ. ಹಾಸಿಗೆಯಿಂದ ಜಾರಿದ, ರಾತ್ರಿಯ ಅಂಗಿ ತೊಟ್ಟ ಗಂಡಸಿನ ಹೆಣ. ಅವನ ಮೈಯಡಿ ಸಿಲುಕಿದ ಮಗು. ಕತ್ತಲಲ್ಲಿ ಹೆಂಗಸಿನ ದೇಹ. ಅಂಚಿನಲ್ಲಿ ಮುದುಕನೊಬ್ಬನ ತಲೆ. ಉತ್ಪ್ರೇಕ್ಷೆಯಾಗಲಿ ನಗೆಯಾಗಲಿ ಇಲ್ಲಿಲ್ಲ. ಶೀರ್ಷಿಕೆಯೂ ವಿಳಾಸ ಮತ್ತು ತಾರೀಖಿಗಷ್ಟೇ ಸೀಮಿತವಾಗಿದೆ. ವಿಡಂಬನೆಯ ಮಾಧ್ಯಮವು ತನ್ನ ಅಸ್ತ್ರಗಳನ್ನೆಲ್ಲ ಕೆಳಗಿಟ್ಟು ಸಾಕ್ಷಿಯಾಗಿ ನಿಂತ ಕ್ಷಣವದು.

3. ಅಕ್ಷರಕ್ಕೊಂದು ನ್ಯಾಯ, ಚಿತ್ರಕ್ಕೊಂದು ನ್ಯಾಯ

1835ರ ಜುಲೈ 28ರಂದು ಫಿಯೆಸ್ಕಿ ಎಂಬಾತ ರಾಜನ ಮೆರವಣಿಗೆಯ ಮೇಲೆ ಗುಂಡಿನ ದಾಳಿ ನಡೆಸಿದನು. ರಾಜ ಬದುಕುಳಿದನಾದರೂ ಹಲವರು ಸತ್ತರು. ಇದನ್ನು ನೆವವಾಗಿಸಿಕೊಂಡು ಸರ್ಕಾರ ಅದೇ ಸೆಪ್ಟೆಂಬರಿನಲ್ಲಿ ಕಠಿಣ ಕಾನೂನುಗಳನ್ನು ತಂದಿತು. ಲೇಖನಗಳನ್ನು ಪ್ರಕಟಣೆಯ ನಂತರ ವಿಚಾರಣೆಗೆ ಗುರಿಪಡಿಸಬಹುದಿತ್ತು. ಆದರೆ ಚಿತ್ರಗಳಿಗೆ, ಕಲ್ಲಚ್ಚುಗಳಿಗೆ ಪ್ರಕಟಣೆಯ ಮುನ್ನವೇ ಅನುಮತಿ ಪಡೆಯುವುದು ಕಡ್ಡಾಯವಾಯಿತು. ಸೆನ್ಸಾರ್ ಇರದೆಂಬ ಸನ್ನದಿನ ಭರವಸೆಗೆ ಇದು ವಿರುದ್ಧವಲ್ಲವೇ ಎಂಬ ಆಕ್ಷೇಪಕ್ಕೆ ಸರ್ಕಾರದ ಉತ್ತರ ಕುತೂಹಲಕರವಾಗಿತ್ತು. ಸನ್ನದು ರಕ್ಷಿಸುವುದು ಅಭಿಪ್ರಾಯಗಳನ್ನು. ಚಿತ್ರವು ಅಭಿಪ್ರಾಯವಲ್ಲ, ಅದು ಕಣ್ಣಿಗೆ ನೇರವಾಗಿ ತಾಗುವ ಕ್ರಿಯೆ ಎಂಬುದು ಆ ವಾದದ ಸಾರ. ಅಕ್ಷರ ಬುದ್ಧಿಯ ಮೂಲಕ ಹೋಗುತ್ತದೆ, ಚಿತ್ರ ಭಾವವನ್ನು ಕೆರಳಿಸುತ್ತದೆ. ಅಕ್ಷರ ಓದು ಬಲ್ಲವರನ್ನು ಮುಟ್ಟುತ್ತದೆ, ಚಿತ್ರ ಬೀದಿಯನ್ನೇ ಮುಟ್ಟುತ್ತದೆ ಎಂಬ ವರ್ಗಭೀತಿ ಇದರ ಹಿಂದಿತ್ತು.

'ಲಾ ಕ್ಯಾರಿಕತ್ಯೂರ್' ಕಾನೂನು ಬರುವ ಹೊತ್ತಿಗೇ ನಿಂತುಹೋಯಿತು. 'ಲ ಶಾರಿವಾರಿ' ಉಳಿಯಿತು. ರಾಜನನ್ನು ಬಿಟ್ಟು ನಗರವನ್ನು ನೋಡತೊಡಗಿತು. ಸಾಮಾನ್ಯವಾಗಿ ಇದನ್ನು ಹಿಮ್ಮೆಟ್ಟುವಿಕೆಯೆಂದು ವಿವರಿಸಲಾಗುತ್ತದೆ: ರಾಜಕೀಯ ಸಿಂಹ ಸಾಮಾಜಿಕ ಬೆಕ್ಕಾಯಿತು ಎಂಬ ಧಾಟಿಯಲ್ಲಿ. ಆದರೆ 1836ರಿಂದ 1838ರವರೆಗೆ ಪ್ರಕಟವಾದ ನೂರು ಚಿತ್ರಗಳ ರೊಬೇರ್ ಮಕೇರ್ ಮಾಲೆಯನ್ನು ಗಮನಿಸಿದರೆ ಈ ತೀರ್ಮಾನ ಸರಿಯೆನಿಸುವುದಿಲ್ಲ.

ಮಕೇರ್ ಮೂಲತಃ ರಂಗಭೂಮಿಯ ಪಾತ್ರ. ಸಾಧಾರಣ ಭೀಕರ ನಾಟಕವೊಂದರ ಕಳ್ಳನ ಪಾತ್ರವನ್ನು ಫ್ರೆಡರಿಕ್ ಲಮೇತ್ರ್ ಎಂಬ ನಟ ತನ್ನ ಅಭಿನಯದಿಂದ ಪ್ರಹಸನವಾಗಿಸಿದ್ದನು. ಡೋಮಿಯೆಯ ಚಿತ್ರ ಮತ್ತು ಫಿಲಿಪೋಂನ ಅಡಿಬರಹಗಳಲ್ಲಿ ಆ ಕಳ್ಳ ನಗರವಾಸಿಯಾಗುತ್ತಾನೆ. ಷೇರು ಕಂಪನಿಯ ಸ್ಥಾಪಕ, ವಕೀಲ, ವೈದ್ಯ, ಪರೋಪಕಾರಿ, ವಿವಾಹದ ದಲ್ಲಾಳಿ, ಪತ್ರಿಕೋದ್ಯಮಿ: ಎಲ್ಲ ಉದ್ಯೋಗಗಳೂ ಅವನ ವೇಷಗಳೇ. ಜೊತೆಗಾರ ಬೆರ್ತ್ರಾಂಗೆ ಪೊಲೀಸರ ಭಯ. ಕೋಟ್ಯಧೀಶರನ್ನು ಯಾರು ಬಂಧಿಸುತ್ತಾರೆಂಬುದು ಮಕೇರನ ಸಮಾಧಾನ. ರಾಜನ ಹೆಸರೆತ್ತದ ಈ ಮಾಲೆಯು ರಾಜನ ಆಳ್ವಿಕೆಗೆ ಆಧಾರವಾಗಿದ್ದ ಹಣದ ವ್ಯವಸ್ಥೆಯನ್ನೇ ಬಯಲಿಗೆಳೆಯಿತು. ಮುಂದೆ ಕಾರ್ಲ್ ಮಾರ್ಕ್ಸ್ ಲೂಯಿ ಫಿಲಿಪ್‌ನನ್ನು ಸಿಂಹಾಸನದ ಮೇಲಿನ ಮಕೇರನೆಂದು ವರ್ಣಿಸಿದುದು ಈ ದೃಷ್ಟಿಯಿಂದ ಅರ್ಥಪೂರ್ಣ. ನಿಷೇಧವು ವಿಡಂಬನೆಯ ಗುರಿಯನ್ನು ವ್ಯಕ್ತಿಯಿಂದ ವ್ಯವಸ್ಥೆಗೆ ಸ್ಥಳಾಂತರಿಸಿತು ಎನ್ನುವುದೇ ಹೆಚ್ಚು ಸರಿ.

4. ತನ್ನನ್ನೇ ನೋಡಿಕೊಂಡ ಪತ್ರಿಕೆ

ಮಕೇರ್ ಹುಟ್ಟಿದ 1836 ಪತ್ರಿಕೋದ್ಯಮದ ಇತಿಹಾಸದಲ್ಲಿಯೂ ಮುಖ್ಯ ವರ್ಷ. ಆ ಜುಲೈ 1ರಂದು ಎಮಿಲ್ ದ ಜಿರಾರ್ದಿಂ 'ಲಾ ಪ್ರೆಸ್' ಪತ್ರಿಕೆಯನ್ನು ಆರಂಭಿಸಿ, ಆವರೆಗೆ 80 ಫ್ರಾಂಕ್‌ನಷ್ಟಿದ್ದ ವಾರ್ಷಿಕ ಚಂದಾವನ್ನು 40 ಫ್ರಾಂಕಿಗೆ ಇಳಿಸಿದನು. ನಷ್ಟವನ್ನು ಜಾಹೀರಾತು ತುಂಬಬೇಕು; ಜಾಹೀರಾತಿಗೆ ಓದುಗರ ಸಂಖ್ಯೆ ಬೇಕು; ಓದುಗರನ್ನು ಹಿಡಿದಿಡಲು ಧಾರಾವಾಹಿ ಕಾದಂಬರಿ ಬೇಕು. ಪತ್ರಿಕೆಯು ಅಭಿಪ್ರಾಯದ ವೇದಿಕೆಯಾಗಿದ್ದುದು ಓದುಗರನ್ನು ಜಾಹೀರಾತುದಾರರಿಗೆ ಮಾರುವ ಉದ್ಯಮವಾಗಿ ಮಾರ್ಪಡುವ ಹಂತವಿದು. ಮಕೇರನ ಕರಪತ್ರ, ಘೋಷಣೆ, ಷೇರುದಾರರ ಸಭೆಗಳಲ್ಲಿ ಈ ಹೊಸ ಭಾಷೆ ಪ್ರತಿಧ್ವನಿಸುತ್ತದೆ.

ಆದರೆ ಈ ವಿಡಂಬನೆ ಪ್ರಕಟವಾದದ್ದೂ ಒಂದು ಪತ್ರಿಕೆಯಲ್ಲಿಯೇ. 'ಲ ಶಾರಿವಾರಿ'ಯ ಪ್ರತಿಯನ್ನು ತಿರುಗಿಸಿದರೆ ಡೋಮಿಯೆಯ ಚಿತ್ರದ ಬೆನ್ನಿಗೆ ಅಚ್ಚಿನ ಅಕ್ಷರಗಳಿರುತ್ತವೆ. ಒಂದೊಂದು ಪ್ರತಿಯಲ್ಲಿ ಆ ಅಕ್ಷರಗಳ ಕಪ್ಪು ಚಿತ್ರದೊಳಕ್ಕೂ ಇಣುಕುತ್ತದೆ. ಪತ್ರಿಕೆಯನ್ನು ಹಾಸ್ಯ ಮಾಡುವ ಚಿತ್ರ ಪತ್ರಿಕೆಯ ಕಾಗದವನ್ನೇ ಹಂಚಿಕೊಂಡಿದೆ. ಚಿತ್ರದ ಕೆಳಗಿನ ಅಡಿಬರಹಗಳೂ ಬಹುಪಾಲು ಡೋಮಿಯೆಯವಲ್ಲ. ಪತ್ರಿಕೆಯ ಬರಹಗಾರರು ಅವನ್ನು ರಚಿಸುತ್ತಿದ್ದರು. ಆದ್ದರಿಂದ ಈ ಚಿತ್ರಗಳ 'ಕರ್ತೃ' ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರವಿಲ್ಲ. ಅನೇಕ ಕಡೆ ಅಡಿಬರಹ ಅಗ್ಗದ ನಗೆಯನ್ನು ಬಯಸಿದರೆ, ಚಿತ್ರದ ಗೆರೆ ಅದಕ್ಕಿಂತ ಗಂಭೀರವಾದುದನ್ನು ಹೇಳುತ್ತಿರುತ್ತದೆ. ಈ ಬಿರುಕನ್ನು ಗುರುತಿಸುವುದು ಡೋಮಿಯೆಯನ್ನು ಓದುವ ಮೊದಲ ಪಾಠ.

1853ರ ಚಿತ್ರವೊಂದನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆ ವರ್ಷ ಓಸ್‌ಮಾನ್ ಸೇನ್ ಪ್ರಾಂತದ ಆಡಳಿತಾಧಿಕಾರಿಯಾಗಿ ನೇಮಕಗೊಂಡನು. ಹಳೆಯ ಓಣಿಗಳನ್ನು ಕೆಡವಿ ವಿಶಾಲ ರಾಜಬೀದಿಗಳನ್ನು ನಿರ್ಮಿಸುವ ಕಾರ್ಯ ಅವನ ಕಾಲದಲ್ಲಿ ವ್ಯಾಪಕವಾಗಿ ನಡೆಯಿತು. ಚಿತ್ರದಲ್ಲಿ ನಡುವಯಸ್ಸು ಮೀರಿದ ದಂಪತಿಗಳು ಅರ್ಧ ಕೆಡವಿದ ಮನೆಯೊಂದನ್ನು ನೋಡುತ್ತ ನಿಂತಿದ್ದಾರೆ. ಅವರ ಮದುವೆಯ ಕಾಲದ ಕೋಣೆ ಬೀದಿಗೆ ತೆರೆದುಕೊಂಡಿದೆ. ಅಡಿಬರಹ ಗಂಡನ ಭಾವುಕತೆಯನ್ನು ಗೇಲಿ ಮಾಡುತ್ತದೆ. ಚಿತ್ರ ಮಾತ್ರ ಖಾಸಗಿ ಬದುಕೊಂದು ಗೋಡೆಯಿಲ್ಲದೆ ಸಾರ್ವಜನಿಕರ ಕಣ್ಣಿಗೆ ಬಿದ್ದ ಸ್ಥಿತಿಯನ್ನು ದಾಖಲಿಸುತ್ತದೆ. ಬಾಡಿಗೆದಾರರು ಮತ್ತು ಮನೆಮಾಲೀಕರು, ರೈಲು ಪ್ರಯಾಣಿಕರು, ವಕೀಲರು, ಸಭ್ಯ ಮಧ್ಯಮವರ್ಗದವರು ಇವರನ್ನು ಕುರಿತ ಮಾಲೆಗಳಲ್ಲಿಯೂ ಇಂಥದೇ ದ್ವಂದ್ವವಿದೆ. ನಗುವಿಗೆ ಗುರಿಯಾದವನೇ ಚಂದಾದಾರ. ಅವನು ತನ್ನನ್ನು ನೋಡಿ ನಗಲು ಹಣ ಕೊಡುತ್ತಿದ್ದಾನೆ.

5. ವಿಡಂಬನೆಯ ಮಿತಿ

ಡೋಮಿಯೆಯನ್ನು ಪ್ರಗತಿಪರ ಕಲಾವಿದನೆಂದು ಕೊಂಡಾಡುವ ವಿಮರ್ಶೆ ಅವನ ಕೆಲವು ಮಾಲೆಗಳ ಬಗ್ಗೆ ಮೌನ ವಹಿಸುವುದುಂಟು. 1844ರ 'ಲೆ ಬಾ ಬ್ಲ' ಮಾಲೆಯ ನಲವತ್ತು ಚಿತ್ರಗಳು ಬರೆಯುವ, ಓದುವ ಹೆಂಗಸರನ್ನು ಕುರಿತವು. ಒಂದರಲ್ಲಿ ತಾಯಿ ಬರವಣಿಗೆಯಲ್ಲಿ ಮುಳುಗಿದ್ದಾಳೆ. ಮಗು ಸ್ನಾನದ ತೊಟ್ಟಿಯಲ್ಲಿ ತಲೆಕೆಳಗಾಗಿ ಮುಳುಗಿದೆ. 1848ರ ಕ್ರಾಂತಿಯ ಸಮಯದಲ್ಲಿ ಯುಜೆನಿ ನಿಬುವಾಯೆ ಹೆಂಗಸರ ದನಿಯೆಂಬ ಅರ್ಥದ ಹೆಸರಿನ ಪತ್ರಿಕೆಯನ್ನು ಹೊರತಂದಳು. ಅದರ ಮರುವರ್ಷವೇ ಡೋಮಿಯೆಯ ಮಾಲೆ ಸಮಾಜವಾದಿ ಮಹಿಳೆಯರನ್ನು ಗೇಲಿಗೊಳಪಡಿಸಿತು. ಅಚ್ಚುಕೂಟದ ಕಾರ್ಮಿಕನನ್ನು ಪತ್ರಿಕಾ ಸ್ವಾತಂತ್ರ್ಯದ ನಾಯಕನನ್ನಾಗಿಸಿದ ಅದೇ ಕೈ, ಲೇಖನಿ ಹಿಡಿದ ಹೆಣ್ಣನ್ನು ಸಂಸಾರದ್ರೋಹಿಯಾಗಿ ಚಿತ್ರಿಸಿತು. 'ಮಾದರಿ'ಯ ಸೃಷ್ಟಿ ಮಕೇರನಲ್ಲಿ ಅಧಿಕಾರವನ್ನು ಬಯಲಿಗೆಳೆದರೆ ಇಲ್ಲಿ ಅಧಿಕಾರಕ್ಕೇ ನೆರವಾಗುತ್ತದೆ. ವಿಡಂಬನೆ ತನ್ನಷ್ಟಕ್ಕೆ ಪ್ರಗತಿಪರವೂ ಅಲ್ಲ, ಪ್ರತಿಗಾಮಿಯೂ ಅಲ್ಲ. ಅದು ಯಾರ ಮೇಲೆ, ಯಾರ ಪರವಾಗಿ ನಗುತ್ತದೆ ಎಂಬುದನ್ನು ಪ್ರತಿ ಸಂದರ್ಭದಲ್ಲಿಯೂ ಕೇಳಬೇಕಾಗುತ್ತದೆ.

1851ರ ಡಿಸೆಂಬರಿನಲ್ಲಿ ಲೂಯಿ ನೆಪೋಲಿಯನ್ ಅಧಿಕಾರವನ್ನು ಕಸಿದುಕೊಂಡ ನಂತರ, 1852ರ ಶಾಸನ ಚಿತ್ರಗಳ ಮೇಲಿನ ಪೂರ್ವಾನುಮತಿಯನ್ನು ಬಲಪಡಿಸಿತು. ನೆಪೋಲಿಯನ್ ಪರ ಬೀದಿಪುಂಡನಾಗಿ ಡೋಮಿಯೆ ಸೃಷ್ಟಿಸಿದ್ದ ರತಪುವಾಲ್ ಎಂಬ ಪಾತ್ರ ಪತ್ರಿಕೆಯಿಂದ ಮರೆಯಾಯಿತು. 1860ರಲ್ಲಿ ಪತ್ರಿಕೆ ಅವನನ್ನು ಕೈಬಿಟ್ಟು 1863ರಲ್ಲಿ ಮತ್ತೆ ಕರೆಸಿಕೊಂಡಿತು. ಪತ್ರಿಕಾ ಸ್ವಾತಂತ್ರ್ಯದ ಉದಾರ ಶಾಸನ ಫ್ರಾನ್ಸಿನಲ್ಲಿ ಜಾರಿಗೆ ಬಂದುದು 1881ರಲ್ಲಿ. ಡೋಮಿಯೆ ತೀರಿಕೊಂಡು ಆಗ ಎರಡು ವರ್ಷಗಳಾಗಿದ್ದವು.

6. ಉಪಸಂಹಾರ

'ಲ ಶಾರಿವಾರಿ'ಯ ಮಾದರಿ ಫ್ರಾನ್ಸಿಗೆ ಸೀಮಿತವಾಗಲಿಲ್ಲ. 1841ರಲ್ಲಿ ಆರಂಭವಾದ ಇಂಗ್ಲೆಂಡಿನ 'ಪಂಚ್' ತನ್ನನ್ನು ಲಂಡನ್ನಿನ ಶಾರಿವಾರಿಯೆಂದು ಕರೆದುಕೊಂಡಿತು. ಅದರ ಪ್ರಭಾವದಿಂದ ಮುಂಬಯಿಯಲ್ಲಿ 'ಪಾರ್ಸಿ ಪಂಚ್', ಲಖನೌದಲ್ಲಿ 1877ರಲ್ಲಿ 'ಅವಧ್ ಪಂಚ್' ಹುಟ್ಟಿದವು. ಫ್ರೆಂಚ್ ಪತ್ರಿಕೆ ಜನಪದ ರೂಢಿಯಿಂದ ಹೆಸರು ಪಡೆದರೆ ಇಂಗ್ಲಿಷ್ ಪತ್ರಿಕೆ ಬೀದಿಯ ಗೊಂಬೆಯಾಟದಿಂದ ಪಡೆಯಿತು. ಕನ್ನಡದಲ್ಲಿ 1942ರಲ್ಲಿ ರಾಶಿಯವರು ಆರಂಭಿಸಿದ ಹಾಸ್ಯಮಾಸಿಕವೂ ಕಣಿ ಹೇಳುವ 'ಕೊರವಂಜಿ'ಯ ಹೆಸರನ್ನು ತಾಳಿತು. ಮುದ್ರಿತ ಹಾಸ್ಯವು ತನ್ನ ಅಧಿಕಾರವನ್ನು ಬೀದಿಯ ಮೌಖಿಕ ಪರಂಪರೆಯಿಂದ ಪಡೆಯಲು ಹವಣಿಸಿದುದಕ್ಕೆ ಈ ಮೂರೂ ಹೆಸರುಗಳು ಸಾಕ್ಷಿ.

ಕರ್ನಾಟಕದ ಮಟ್ಟಿಗೆ ಇನ್ನೊಂದು ಸಂಗತಿ ವಿಚಾರಯೋಗ್ಯವಾಗಿದೆ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದುದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ಡೋಮಿಯೆ ಪ್ಯಾರಿಸಿನಲ್ಲಿ ಕಲ್ಲಿನ ಮೇಲೆ ನಗರದ ಮುಖಗಳನ್ನು ಬರೆಯುತ್ತಿದ್ದ ವರ್ಷಗಳಲ್ಲಿಯೇ ಮಂಗಳೂರಿನಲ್ಲಿ ಅಂಥದೇ ಕಲ್ಲು ಕನ್ನಡದ ಕೈಬರಹವನ್ನು ಹೊತ್ತಿತು. ಅಲ್ಲಿ ಅಕ್ಷರಕ್ಕೆ ಮೊಳೆಗಳಿದ್ದವು, ಚಿತ್ರಕ್ಕೆ ಕಲ್ಲು ಬೇಕಾಯಿತು. ಇಲ್ಲಿ ಅಕ್ಷರಕ್ಕೇ ಕಲ್ಲು ಬೇಕಾಯಿತು. ಹಾಗಾಗಿ ಕನ್ನಡ ಪತ್ರಿಕೆಯ ಮೊದಲ ಪುಟದಲ್ಲಿ ಅಕ್ಷರವೂ ಒಂದರ್ಥದಲ್ಲಿ ಬರೆದ ಚಿತ್ರವೇ. ಅಕ್ಷರ ಮತ್ತು ಚಿತ್ರಗಳ ನಡುವೆ 1835ರ ಫ್ರೆಂಚ್ ಶಾಸನ ಎಳೆದ ಗೆರೆ ಎಷ್ಟು ಕೃತಕವಾದುದೆಂಬುದನ್ನು ಈ ಎರಡು ಕಲ್ಲುಗಳು ಬೇರೆ ಬೇರೆ ರೀತಿಯಲ್ಲಿ ತೋರಿಸುತ್ತವೆ. ಪತ್ರಿಕೆಯ ಇತಿಹಾಸವನ್ನು ಗದ್ಯದ ಇತಿಹಾಸವಾಗಿ ಮಾತ್ರ ಓದುವ ಕ್ರಮವನ್ನು ಇದು ಮರುಪರಿಶೀಲನೆಗೆ ಒಡ್ಡುತ್ತದೆ. ಪುಟವೊಂದು ಏನನ್ನು ಹೇಳಿತು ಎಂಬುದರ ಜೊತೆಗೆ ಏನನ್ನು ಕಾಣಿಸಿತು, ಅದನ್ನು ಯಾರು ನಿಂತು ನೋಡಿದರು, ಯಾರು ಹೆದರಿದರು ಎಂಬ ಪ್ರಶ್ನೆಗಳೂ ಸಾಹಿತ್ಯದ ಅಧ್ಯಯನಕ್ಕೆ ಸೇರಿದವೇ ಆಗಿವೆ.